ಅಪ್‌ಗ್ರೇಡ್ ಆದಮೇಲೆ ಉಬುಂಟು ಕಾಣಿಸದಿದ್ದರೆ ಫಾರ್ಮ್ಯಾಟ್ ಮಾಡಿಸಬೇಡಿ

ಡ್ಯುಯಲ್ ಬೂಟ್, ಅಂದರೆ ಒಂದೇ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್ ಇಟ್ಟುಕೊಂಡವರು ದಯವಿಟ್ಟು ಓದಿ. ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಉಬುಂಟು (ಒಂದು ಬಗೆಯ ಲಿನಕ್ಸ್) ಎರಡೂ ಇದ್ದವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತಲ್ಲ, ಅದಕ್ಕೆ ಒಂದು ವಾರ ಮುಂಚೆ 11ಕ್ಕೆ ಅಪ್‌ಗ್ರೇಡ್ ಮಾಡಿದೆ. ರೀಸ್ಟಾರ್ಟ್ ಆದಾಗ ಯಾವ ಸಿಸ್ಟಮ್ ಬೇಕು ಅಂತ ಕೇಳುವ ಗ್ರಬ್ ಮೆನು ಬರಲೇ ಇಲ್ಲ. ಸೀದಾ ವಿಂಡೋಸ್ ತೆರೆದುಕೊಂಡಿತು. ಉಬುಂಟುವಿನಲ್ಲಿ ಅಪ್ಪನ ಅಡಿಕೆ ತೋಟದ ಮೂರು ವರ್ಷದ ಲೆಕ್ಕ ಇತ್ತು. ಗಾಬರಿಯಾಗಿ ರಿಪೇರಿ ಅಂಗಡಿಗೆ ಕೊಟ್ಟೆ.

ಅಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, "ಲಿನಕ್ಸ್ ಹೋಗಿಬಿಟ್ಟಿದೆ, ಈ ಪಾರ್ಟಿಷನ್ ಖಾಲಿ" ಅಂದರು. (ಪಾರ್ಟಿಷನ್ ಅಂದರೆ ಡಿಸ್ಕಿನ ಒಂದು ಭಾಗ.) ಸಂಜೆ ಹೋದಾಗ ಆ 120 ಜಿಬಿ ಜಾಗ ಹೊಸ ಡಿ ಡ್ರೈವ್ ಆಗಿತ್ತು. ಬ್ಯಾಕಪ್ ಇರಲಿಲ್ಲ. ಈಗ ಮಂಡಿಯ ಹಳೇ ಚೀಟಿಗಳನ್ನು ಇಟ್ಟುಕೊಂಡು ಅಪ್ಪ, ನಾನು ಲೆಕ್ಕ ಮತ್ತೆ ಬರೆಯುತ್ತಿದ್ದೇವೆ.

ಆ ಪಾರ್ಟಿಷನ್ ಖಾಲಿ ಇರಲಿಲ್ಲ. ಉಬುಂಟುವಿನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ವಿಂಡೋಸ್‌ಗೆ ತಾನಾಗಿ ಓದಲು ಬರುವುದಿಲ್ಲ. ಡ್ರೈವ್ ಅಕ್ಷರವೂ ಇರುವುದಿಲ್ಲ. ಗೊತ್ತಿಲ್ಲದವರ ಕಣ್ಣಿಗೆ ಖಾಲಿ ಜಾಗದ ಹಾಗೇ ಕಾಣುತ್ತದೆ. ನನಗೆ ಇದು ತಿಳಿದಿದ್ದು ಮುಂದಿನ ತಿಂಗಳು, ತಮ್ಮನ ಲ್ಯಾಪ್‌ಟಾಪಿಗೂ ಹೀಗೇ ಆದಾಗ. ಅವನದರಲ್ಲಿ ಏನೂ ಅಳಿಸಿರಲಿಲ್ಲ. ಬೂಟ್ ಆರ್ಡರ್ (ಯಾವುದು ಮೊದಲು ತೆರೆಯಬೇಕು ಅನ್ನುವ ಕ್ರಮ) ಬದಲಾಗಿ ವಿಂಡೋಸ್ ಬೂಟ್ ಮ್ಯಾನೇಜರ್ ಮೊದಲ ಜಾಗಕ್ಕೆ ಬಂದಿತ್ತು, ಅಷ್ಟೇ. ಆನ್ ಮಾಡುವಾಗ ಎಫ್2 ಒತ್ತಿ ಬಯಾಸ್‌ಗೆ, ಅಂದರೆ ಕಂಪ್ಯೂಟರಿನ ಮೂಲ ಸೆಟಿಂಗ್ಸ್‌ಗೆ ಹೋಗಿ, ಬೂಟ್ ಪಟ್ಟಿಯಲ್ಲಿ ಉಬುಂಟುವನ್ನು ಮೇಲಕ್ಕೆ ತಂದು ಸೇವ್ ಮಾಡಿದೆವು. ಎರಡೇ ನಿಮಿಷ. ಕೆಲವು ಕಂಪ್ಯೂಟರ್‌ಗಳಲ್ಲಿ ಎಫ್10 ಅಥವಾ ಡಿಲೀಟ್ ಕೀ ಇರುತ್ತದೆ.

ಪಟ್ಟಿಯಲ್ಲಿ ಉಬುಂಟು ಹೆಸರೇ ಇಲ್ಲದಿದ್ದರೂ ಹೆದರಬೇಡಿ. ಲೈವ್ ಯುಎಸ್‌ಬಿಯಿಂದ (ಇನ್‌ಸ್ಟಾಲ್ ಮಾಡದೆ ಉಬುಂಟು ಓಡಿಸುವ ಪೆನ್‌ಡ್ರೈವ್) ಬೂಟ್ ಮಾಡಿದರೆ ನಿಮ್ಮ ಫೈಲುಗಳು ಅಲ್ಲೇ ಇವೆಯಾ ಅಂತ ಕಣ್ಣಾರೆ ನೋಡಬಹುದು. ಮೊದಲು ಅವನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಆಮೇಲೆ ಗ್ರಬ್ ಅನ್ನು ಮತ್ತೆ ಇನ್‌ಸ್ಟಾಲ್ ಮಾಡಬಹುದು. ಇಎಫ್‌ಐ ಅನ್ನುವ ಚಿಕ್ಕ ಪಾರ್ಟಿಷನ್ ಒಂದಿರುತ್ತದೆ. ಎರಡೂ ಸಿಸ್ಟಮ್‌ಗಳ ಬೂಟ್ ಫೈಲುಗಳು ಸಾಮಾನ್ಯವಾಗಿ ಅದರಲ್ಲೇ ಇರುತ್ತವೆ. ಅದನ್ನಂತೂ ಫಾರ್ಮ್ಯಾಟ್ ಮಾಡಲೇಬೇಡಿ.

ಇನ್ನೊಂದು ಮಾತು. ಬಯಾಸ್ ಮುಟ್ಟುವ ಮೊದಲು ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದೆಯಾ ನೋಡಿಕೊಳ್ಳಿ. ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬೂಟ್ ಆರ್ಡರ್ ಅಥವಾ ಸೆಕ್ಯೂರ್ ಬೂಟ್ (ನಂಬಿಕಸ್ತ ಬೂಟ್ ಫೈಲುಗಳನ್ನಷ್ಟೇ ಬಿಡುವ ಸೆಟಿಂಗ್) ಬದಲಾದರೆ ವಿಂಡೋಸ್ ಆ ಕೀ ಕೇಳಬಹುದು. ಕೀ ಸಿಗದಿದ್ದರೆ ಆ ಕಡೆಯ ಫೈಲುಗಳೂ ಕೈತಪ್ಪುತ್ತವೆ.

ಯಾರಾದರೂ ಈಗಾಗಲೇ ಪಾರ್ಟಿಷನ್ ಡಿಲೀಟ್ ಮಾಡಿಬಿಟ್ಟಿದ್ದರೆ ಕಂಪ್ಯೂಟರನ್ನು ತಕ್ಷಣ ಆಫ್ ಮಾಡಿ, ಆ ಡಿಸ್ಕಿಗೆ ಏನೂ ಬರೆಯಬೇಡಿ. ಫಾರ್ಮ್ಯಾಟ್ ಆಗಿರದಿದ್ದರೆ ಲೈವ್ ಯುಎಸ್‌ಬಿಯಿಂದ ಕಳೆದ ಪಾರ್ಟಿಷನ್ ಹುಡುಕುವ ಟೆಸ್ಟ್‌ಡಿಸ್ಕ್ ಪ್ರೋಗ್ರಾಮ್ ಓಡಿಸಿ ನೋಡಿ, ಎಷ್ಟೋ ಸಲ ಪಾರ್ಟಿಷನ್ ವಾಪಸ್ ಸಿಗುತ್ತದೆ. ನನ್ನದು ಎಸ್‌ಎಸ್‌ಡಿ, ಅದರಲ್ಲಿ ಅಳಿಸಿದ್ದು ವಾಪಸ್ ಸಿಗುವುದು ಕಷ್ಟ. ಫಾರ್ಮ್ಯಾಟ್ ಆದಮೇಲೆ ಎರಡು ದಿನ ಬಳಸಿಯೂ ಬಿಟ್ಟಿದ್ದೆ. ಟೆಸ್ಟ್‌ಡಿಸ್ಕಿಗೆ ಅಲ್ಲಿ ಏನೂ ಸಿಗಲಿಲ್ಲ.