ಹಂದಿಗೆ ತಂತಿ, ಮಂಗಕ್ಕೆ ಮೆಶ್: ಹಿತ್ತಲಲ್ಲಿ ಮಾಡಿ ನೋಡಿದ್ದು

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಕಾಡಂಚಿನ ಹಿತ್ತಲು. ರಾತ್ರಿ ಕಾಡುಹಂದಿ, ಮುಳ್ಳುಹಂದಿ, ಹಗಲು ಮಂಗ. ಒಂದೇ ಉಪಾಯಕ್ಕೆ ಮೂರೂ ಬಗ್ಗುವುದಿಲ್ಲ. ಬೇಲಿಗೆ ದುಡ್ಡು ಹಾಕುವ ಮೊದಲು ಬರುವುದು ಯಾವುದು ಅಂತ ನೋಡಿಕೊಳ್ಳಿ. ನೆಲ ಉತ್ತ ಹಾಗೆ ಬಗೆದಿದ್ದರೆ ಹಂದಿ. ಸಸಿಯ ಬುಡದಲ್ಲಿ ಹಲ್ಲಿನ ಗೀರಿದ್ದರೆ ಮುಳ್ಳುಹಂದಿ. ಅದಕ್ಕೆ ಬುಡಕ್ಕೆ ತಗಡು ಸುತ್ತಿದ್ದೇ ಸಾಕಾಯಿತು.

ಹಂದಿಗೆ ಮೊದಲು ಸುತ್ತಲೂ ಹಳೇ ಸೀರೆ ಕಟ್ಟಿದೆವು. ಖರ್ಚಿಲ್ಲ. ಹಂದಿಗೆ ಕಣ್ಣು ಮಂದ, ಮೂಗು ಚುರುಕು. ಸೀರೆಯಲ್ಲಿನ ಮನುಷ್ಯರ ವಾಸನೆಗೆ ಹೊಸದರಲ್ಲಿ ಹಿಂಜರಿಯಿತು. ಮಳೆ ಹಿಡಿದ ಮೇಲೆ ಸೀರೆಯಡಿ ನುಗ್ಗಿ ಕೆಸು, ಮರಗೆಣಸು ಎಲ್ಲ ಬಗೆದುಹಾಕಿತು. ಬೇಸಿಗೆ ತರಕಾರಿಗೆ ಸೀರೆ ಪರವಾಗಿಲ್ಲ, ಅಷ್ಟೇ.

ಸೋಲಾರ್ ಬೇಲಿ ಎಷ್ಟೋ ಮೇಲು. 12 ವೋಲ್ಟ್ ಬ್ಯಾಟರಿ, ಒಂದು ಎನರ್ಜೈಸರ್, ಅಂದರೆ ಬ್ಯಾಟರಿಯ ಕರೆಂಟನ್ನು ಶಾಕ್ ಮಾಡಿ ತಂತಿಗೆ ಬಿಡುವ ಪೆಟ್ಟಿಗೆ. ಸೆಕೆಂಡಿಗೊಮ್ಮೆ ಬಿಟ್ಟು ಬಿಟ್ಟು ಶಾಕ್ ಬರುತ್ತದೆ. ಹಂದಿ ಬೆಚ್ಚಿ ಓಡುತ್ತದೆ, ಸಾಯುವುದಿಲ್ಲ. ಕೆಳಗಿನ ತಂತಿ ನೆಲದಿಂದ ಗೇಣೆತ್ತರ ಇರಲಿ, ಮೂತಿಗೇ ತಾಗಬೇಕು. ತೊಂದರೆ ಇರುವುದು ಹುಲ್ಲಿನದು. ತಂತಿಗೆ ಹುಲ್ಲು ತಾಗಿದರೆ ಕರೆಂಟು ನೆಲಕ್ಕಿಳಿಯುತ್ತದೆ. ನಮ್ಮ ಮಳೆಯಲ್ಲಿ ವಾರವಾರವೂ ಸವರಬೇಕು. ಆ ಕೆಲಸ ಆಗದು ಅನ್ನುವವರಿಗೆ ಈ ಬೇಲಿ ದಂಡ. ಮನೆಯ ಕರೆಂಟನ್ನು ನೇರ ತಂತಿಗೆ ಕೊಡುವವರೂ ಇದ್ದಾರೆ. ಅದು ಅಪರಾಧ, ಹಂದಿಯ ಜೊತೆ ಆನೆಯೂ ಸಾಯುತ್ತದೆ, ಮನುಷ್ಯರೂ ಸಾಯುತ್ತಾರೆ.

ಮಂಗಕ್ಕೆ ಈ ಬೇಲಿ ಲೆಕ್ಕಕ್ಕೇ ಇಲ್ಲ, ಮರದಿಂದ ಹಾರಿ ಬರುತ್ತದೆ ಅಲ್ವಾ. ಹುಲಿಗೊಂಬೆ ಇಟ್ಟೆವು. ಸ್ವಲ್ಪ ದಿನ ಹೆದರಿದವು. ಆಮೇಲೆ ಒಂದು ಮಂಗನಮರಿ ಆ ಹುಲಿಯ ಬೆನ್ನ ಮೇಲೇ ಕೂತು ಪೇರಲೆ ತಿಂದಿತು! ದಿನಾ ಜಾಗ ಬದಲಿಸಿದರೆ ಇನ್ನೊಂಚೂರು ಜಾಸ್ತಿ ದಿನ ನಡೆಯುತ್ತದೆ. ಕಾರ್ಬೈಡಿಗೆ ನೀರು ತಾಗಿಸಿ, ಹುಟ್ಟುವ ಗ್ಯಾಸಿಗೆ ಕಿಡಿ ಕೊಟ್ಟು ಢಂ ಅನ್ನಿಸಿ ಮಂಗ ಓಡಿಸುವ ಪೈಪಿನ ಕಾರ್ಬೈಡ್ ಗನ್ ನಾನು ಮುಟ್ಟಲಿಲ್ಲ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಅದರಿಂದ ಎಷ್ಟೋ ಮಕ್ಕಳ ಕಣ್ಣಿಗೆ ಪೆಟ್ಟಾಯಿತು.

ಗೊಂಬೆಗಿಂತ ನಾಯಿ ವಾಸಿ. ಆದರೆ ಚಿರತೆ ತಿರುಗುವ ಊರಲ್ಲಿ ರಾತ್ರಿ ಅದನ್ನು ಹೊರಗೆ ಕಟ್ಟುವಂತಿಲ್ಲ. ನೈಲಾನ್ ಬಲೆಯನ್ನು ಮಂಗ ಹರಿಯುತ್ತದೆ, ಬುಡದಲ್ಲಿ ಹಾವು ಸಿಕ್ಕಿಕೊಳ್ಳುತ್ತದೆ. ಕೊನೆಗೆ ನಿಂತದ್ದು ಕಬ್ಬಿಣದ ಮೆಶ್ಶಿನ ಗೂಡು, ಮೇಲೂ ಮುಚ್ಚಿದ್ದು. ದುಬಾರಿ, ಅದಕ್ಕೇ ಚಿಕ್ಕದು. ಬೆಂಡೆ, ಬದನೆ, ಅಲಸಂದೆ ಅದರೊಳಗೆ. ಅರಿಶಿನ, ಸೂಜಿಮೆಣಸು ಹೊರಗೆ. ಅವುಗಳ ತಂಟೆಗೆ ನಮ್ಮಲ್ಲಿ ಯಾವುದೂ ಬರುವುದಿಲ್ಲ. ಪೇರಲೆ ಮಾತ್ರ ಮಂಗನ ಪಾಲಿಗೇ ಬಿಟ್ಟಿದ್ದೇವೆ.