ಬಿಟ್ಟ ಖಣಿ: ಮಣ್ಣು ತುಂಬುವುದೋ, ನೀರು ನಿಲ್ಲಿಸುವುದೋ?

ಲೀಸಿಗೆ ಕೊಟ್ಟ ಹೊಲ ಕಲ್ಲಿನ ಖಣಿಯಾಗಿ ಮರಳಿ ಬಂದಾಗ ನಮ್ಮ ಗದಗ, ಧಾರವಾಡ ಸೀಮೆಯ ರೈತರ ಮುಂದೆ ಎರಡು ದಾರಿ.

ತುಂಬಿ ಮತ್ತೆ ಹೊಲ ಮಾಡುವುದು ಕೇಳಲು ಚೆಂದ. ಆದರೆ ಲೆಕ್ಕ ಹಾಕಿ: ಒಂದು ಎಕರೆ ಅಗಲ, 6 ಮೀಟರ್ ಆಳದ ಗುಂಡಿಗೆ ಸುಮಾರು 24,000 ಘನ ಮೀಟರ್ ಮಣ್ಣು ಬೇಕು. 10 ಘನ ಮೀಟರ್ ಹಿಡಿಯುವ ಟಿಪ್ಪರಿನಲ್ಲಿ 2,400 ಲೋಡು! ಅಷ್ಟನ್ನು ಬೇರೆ ಹೊಲದಿಂದ ತಂದರೆ ಅಲ್ಲೊಂದು ಗುಂಡಿ ಬೀಳುತ್ತದೆ. ಗುಂಡಿ ಆಳವಿಲ್ಲದೆ, ಮೊದಲೇ ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿಟ್ಟಿದ್ದರೆ ಮಾತ್ರ ತುಂಬಿ. ಕೆಳಗೆ ಕಲ್ಲುಚೂರು, ಮೇಲೆ ಮಣ್ಣು. ಬರೀ ಎರಿಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ.

ಆಳದ ಗುಂಡಿಯಾದರೆ ನನ್ನ ಮತ ನೀರಿಗೇ. ಒಂದು ಎಕರೆ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ನಾಲ್ಕು ಲಕ್ಷ ಲೀಟರ್ ನೀರು. ಹಿಂಗಾರಿ ಬೆಳೆ ಬಾಡುವಾಗ ಅದರ ಬೆಲೆ ಗೊತ್ತಾಗುತ್ತದೆ. ಆದರೆ ಖಣಿಯ ಗೋಡೆ ಕಡಿದಾದದ್ದು, ಈಜಲು ಇಳಿದ ಮಕ್ಕಳಿಗೆ ಹತ್ತಲು ಆಸರೆಯೇ ಸಿಗುವುದಿಲ್ಲ. ಒಂದು ಬದಿ ಇಳಿಜಾರು ಮಾಡದೆ, ಬೇಲಿ ಹಾಕದೆ ನೀರು ನಿಲ್ಲಿಸಲೇಬೇಡಿ. ನೀರು ಒಳಬರುವ ಬಾಯಲ್ಲಿ ಸಣ್ಣ ಹೂಳಿನ ಹೊಂಡ ತೋಡಿ, ಕಲ್ಲಿನ ಪುಡಿ ಅಲ್ಲೇ ತಂಗುತ್ತದೆ. ಮುಂಗಾರಿಗೆ ಮುಂಚೆ ಅದನ್ನು ತೆಗೆಸಿ.

ಹಳ್ಳದ ದಂಡೆಯಲ್ಲಿ ಮಾತ್ರ ಆಯ್ಕೆಯ ಮಾತಿಲ್ಲ. ಯಾವ ದಾರಿ ಹಿಡಿದರೂ ಅಲ್ಲಿನ ಹುಲ್ಲು, ಗಿಡ ಮುಟ್ಟಬೇಡಿ, ಖಾಲಿಯಿದ್ದರೆ ಲಾವಂಚ, ಹೊಂಗೆ ಹಚ್ಚಿ. ಬೆಣ್ಣೆಹಳ್ಳಕ್ಕೆ ಇಳಿದ ಹೂಳು ಮಲಪ್ರಭೆಯ ಕಡೆಗೇ ಸಾಗುತ್ತದೆ.