ಅಮೈನ್, ಕಬ್ಬಿಣದ ಗುಳಿಗೆ, ಬ್ಯಾಕ್ಟೀರಿಯಾ: ಸಕ್ಕರೆ ಕಾರ್ಖಾನೆಯ ಗ್ಯಾಸಿಗೆ ಯಾವುದು ಸರಿ?

ಬಯೋಗ್ಯಾಸ್ ಪ್ಲಾಂಟ್ ಮಾರಲು ಬರುವವರನ್ನು ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ನೀವು ಗ್ಯಾಸಿನಿಂದ ಹಿಡಿದ ಗಂಧಕ ಕೊನೆಗೆ ಎಲ್ಲಿಗೆ ಹೋಗುತ್ತೆ? ಎಷ್ಟು ಪರ್ಸೆಂಟ್ ಹಿಡಿಯುತ್ತೆ ಅನ್ನೋದನ್ನು ಎಲ್ಲರೂ ಹೇಳುತ್ತಾರೆ. ತೊಂಬತ್ತೊಂಬತ್ತು ಅಂತ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿರುತ್ತಾರೆ. ಹಿಡಿದದ್ದನ್ನು ಏನು ಮಾಡಬೇಕು ಅನ್ನೋ ಪುಟ ಮಾತ್ರ ಇರೋದೇ ಇಲ್ಲ.

ನಾನು ಮೊದಲು ಪಶ್ಚಿಮ ಕರಾವಳಿಯ ಒಂದು ಗ್ಯಾಸ್ ಪ್ಲಾಂಟಿನಲ್ಲಿ, ಆಮೇಲೆ ಒಂದು ರಿಫೈನರಿಯಲ್ಲಿ ಅಮೈನ್ ಯೂನಿಟ್, ಅಂದರೆ ಅಮೈನ್ ಅನ್ನೋ ರಾಸಾಯನಿಕ ಬೆರೆಸಿದ ನೀರಿನಲ್ಲಿ ಗ್ಯಾಸ್ ತೊಳೆಯುವ ಘಟಕ, ನಡೆಸಿದವನು. ಈಗ ಊರ ಕಡೆ ಬಂದು ಮುಧೋಳ, ಜಮಖಂಡಿ, ಅಥಣಿ ಸುತ್ತಮುತ್ತಲಿನ ಸಕ್ಕರೆ ಕಾರ್ಖಾನೆ ಮತ್ತು ಡಿಸ್ಟಿಲರಿಗಳ ಗ್ಯಾಸ್ ಕೆಲಸ ಮಾಡುತ್ತಿದ್ದೇನೆ. ಜಾಗ ಬೇರೆ, ಕಾಟ ಒಂದೇ. ಅಲ್ಲಿ ಸಮುದ್ರದಡಿಯ ಬಾವಿಯಿಂದ ಬರುವ ಗ್ಯಾಸು, ಇಲ್ಲಿ ಪ್ರೆಸ್‌ಮಡ್ (ಕಬ್ಬಿನ ರಸ ಸೋಸಿದಾಗ ಉಳಿಯುವ ಕೆಸರು) ಮತ್ತು ಡಿಸ್ಟಿಲರಿಯ ಕೊಳೆನೀರಾದ ಸ್ಪೆಂಟ್ ವಾಶ್‌ನಿಂದ ಏಳುವ ಗ್ಯಾಸು. ಎರಡರಲ್ಲೂ ಮೀಥೇನ್ ಜೊತೆ ಎರಡು ಆಮ್ಲ ಅನಿಲಗಳು ಬರುತ್ತವೆ: ಹೈಡ್ರೋಜನ್ ಸಲ್ಫೈಡ್ ಮತ್ತು ಕಾರ್ಬನ್ ಡೈಆಕ್ಸೈಡ್. ಗಂಧಕ ಇರೋದು ಮೊದಲನೆಯದರಲ್ಲಿ, ಅದನ್ನು ಪ್ಲಾಂಟಿನಲ್ಲಿ ಎಲ್ಲರೂ ಎಚ್‌ಟುಎಸ್ ಅಂತಲೇ ಕರೆಯುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಸಿಲಿಂಡರಿಗೆ ತುಂಬಿ ಮಾರುವ ಬಯೋಗ್ಯಾಸಿಗೆ ಐಎಸ್ 16087 ಅನ್ನೋ ಮಾನದಂಡ ಇದೆ. ಮೀಥೇನ್ ಕನಿಷ್ಠ 90 ಪರ್ಸೆಂಟ್ ಇರಬೇಕು, ಕಾರ್ಬನ್ ಡೈಆಕ್ಸೈಡ್ 4 ಪರ್ಸೆಂಟ್ ದಾಟಬಾರದು. ಎಚ್‌ಟುಎಸ್ ಸೇರಿ ಒಟ್ಟು ಗಂಧಕ ಒಂದು ಘನ ಮೀಟರಿಗೆ 20 ಮಿಲಿಗ್ರಾಂ ಒಳಗಿರಬೇಕು. ಅಂದರೆ ಹೆಚ್ಚುಕಡಿಮೆ 14 ಪಿಪಿಎಂ (ಹತ್ತು ಲಕ್ಷಕ್ಕೆ ಹದಿನಾಲ್ಕು ಪಾಲು). ಕೇಂದ್ರ ಸರ್ಕಾರ 2018ರ ಅಕ್ಟೋಬರ್‌ನಲ್ಲಿ ಬಯೋಗ್ಯಾಸನ್ನು ವಾಹನದ ಇಂಧನವಾಗಿ ಮಾರುವ ಸತತ್ ಯೋಜನೆ ತಂದ ಮೇಲೆ ನಮ್ಮ ಕಡೆಯೂ ಈ ಅಂಕಿಗಳು ಎಲ್ಲರ ಬಾಯಲ್ಲಿ. ಡಿಸ್ಟಿಲರಿಯ ಹಸಿ ಗ್ಯಾಸಿನಲ್ಲಿ ಎಚ್‌ಟುಎಸ್ 2 ಪರ್ಸೆಂಟ್, ಕೆಲವು ಕಡೆ ಅದಕ್ಕೂ ಜಾಸ್ತಿ. 2 ಪರ್ಸೆಂಟ್ ಅಂದರೆ 20,000 ಪಿಪಿಎಂ. ಇಪ್ಪತ್ತು ಸಾವಿರದಿಂದ ಹದಿನಾಲ್ಕಕ್ಕೆ ಇಳಿಸಬೇಕು.

ಮೊದಲು ಕಬ್ಬಿಣದ ಗುಳಿಗೆ. ಎಲ್ಲಕ್ಕಿಂತ ಸರಳ, ಎಲ್ಲರೂ ಇದರಿಂದಲೇ ಶುರು ಮಾಡೋದು. ಒಂದು ಉದ್ದನೆ ಪಾತ್ರೆ, ಅದರೊಳಗೆ ಐರನ್ ಆಕ್ಸೈಡ್ ಗುಳಿಗೆ, ಕೆಳಗಿನಿಂದ ಗ್ಯಾಸ್ ಬಿಡೋದು. ಎಚ್‌ಟುಎಸ್ ಕಬ್ಬಿಣಕ್ಕೆ ಕಚ್ಚಿಕೊಂಡು ಐರನ್ ಸಲ್ಫೈಡ್ ಆಗುತ್ತೆ. ಪಂಪ್ ಇಲ್ಲ, ಆಪರೇಟರ್ ಇಲ್ಲ, ಕರೆಂಟ್ ಇಲ್ಲ. ಗ್ಯಾಸಿನಲ್ಲಿ ಸ್ವಲ್ಪ ತೇವ ಇರಬೇಕು ಅಷ್ಟೇ. ಪೂರ್ತಿ ಒಣಗಿದರೆ ಗುಳಿಗೆ ಕೆಲಸ ಮಾಡೋದಿಲ್ಲ.

ಲೆಕ್ಕ ಹಾಕಿದಾಗ ಅಸಲಿಯತ್ತು ಗೊತ್ತಾಗುತ್ತೆ. ದಿನಕ್ಕೆ 10,000 ಘನ ಮೀಟರ್ ಗ್ಯಾಸ್, 2 ಪರ್ಸೆಂಟ್ ಎಚ್‌ಟುಎಸ್ ಅಂತ ಇಟ್ಟುಕೊಳ್ಳಿ. ದಿನಕ್ಕೆ ಸುಮಾರು 280 ಕೆ.ಜಿ. ಎಚ್‌ಟುಎಸ್ ಆಯಿತು. ಪುಸ್ತಕದ ಪ್ರಕಾರ ಒಂದು ಕೆ.ಜಿ. ಐರನ್ ಆಕ್ಸೈಡ್ 640 ಗ್ರಾಂ ಹಿಡಿಯಬೇಕು. ಅಂಗಡಿಯಿಂದ ಬರುವ ಗುಳಿಗೆ ತನ್ನ ತೂಕದ ಐದನೇ ಒಂದು ಭಾಗ ಹಿಡಿದರೆ ಪುಣ್ಯ. ಅಂದರೆ ದಿನಕ್ಕೆ 1,400 ಕೆ.ಜಿ. ಗುಳಿಗೆ! ಕಬ್ಬು ತೂಗಿಸಿದಂತೆ ಗುಳಿಗೆಯನ್ನೂ ತೂಗಿಸಬೇಕಾಗುತ್ತೆ. ಸ್ಪೆಂಟ್ ವಾಶ್ ಗ್ಯಾಸಿಗೆ ಇದೊಂದನ್ನೇ ನಂಬೋದು ಆಗದ ಮಾತು.

ಪಾತ್ರೆ ಖಾಲಿ ಮಾಡುವ ಕೆಲಸ ಇನ್ನೊಂದು ತಲೆನೋವು. ಹಾಕುವಾಗ ಇಟ್ಟಿಗೆ ಬಣ್ಣದ ಗುಳಿಗೆ, ತೆಗೆಯುವಾಗ ಕಪ್ಪಗಿರುತ್ತೆ. ನೆಲದ ಮೇಲೆ ಹರಡಿದ ಸ್ವಲ್ಪ ಹೊತ್ತಿಗೇ ಗಾಳಿ ತಗುಲಿ ಮತ್ತೆ ಕೆಂಪಗಾಗಲು ಶುರುವಾಗುತ್ತೆ, ಜೊತೆಗೆ ಬಿಸಿ ಏರುತ್ತೆ. ರಾಶಿಯ ಮೇಲೆ ಕೈ ಹಿಡಿದರೆ ಝಳ ಗೊತ್ತಾಗುತ್ತೆ, ಆಮೇಲೆ ಸಣ್ಣಗೆ ಹೊಗೆ. ನೀರು ಚಿಮುಕಿಸುತ್ತಲೇ ಇರಬೇಕು, ತೆಳ್ಳಗೆ ಹರಡಬೇಕು. ರಾಶಿ ಹಾಕಿ ಊಟಕ್ಕೆ ಹೋದರೆ ಬೆಂಕಿ ಹೊತ್ತಿಕೊಳ್ಳುತ್ತೆ. ಬಗಾಸ್ (ಕಬ್ಬಿನ ಸಿಪ್ಪೆ) ಗುಡ್ಡೆ ಇರುವ ಅಂಗಳದಲ್ಲಿ ಇದು ಆಟ ಅಲ್ಲ. ಕೊನೆಗೆ ಆ ಗುಳಿಗೆಯನ್ನು ಯಾರು ತಗೊಂಡು ಹೋಗುತ್ತಾರೆ? ಮಾರಿದವರು ಆಮೇಲೆ ಫೋನ್ ಎತ್ತೋದಿಲ್ಲ.

ಈಗ ಅಮೈನ್. ರಿಫೈನರಿಯಲ್ಲಿ ಇದರದೇ ರಾಜ್ಯ, ನನ್ನ ಹಳೆ ಪ್ರೀತಿಯೂ ಇದೇ. ಅಮೈನ್ ಬೆರೆಸಿದ ನೀರು ಮೇಲಿನಿಂದ ಇಳಿಯುತ್ತೆ, ಗ್ಯಾಸ್ ಕೆಳಗಿನಿಂದ ಏರುತ್ತೆ. ಆಮ್ಲ ಅನಿಲ ಎರಡನ್ನೂ ಅಮೈನ್ ಹೀರಿಕೊಳ್ಳುತ್ತೆ. ಆಮೇಲೆ ಅದನ್ನು ಇನ್ನೊಂದು ಕಾಲಮ್ಮಿನಲ್ಲಿ 120 ಡಿಗ್ರಿ ಆಸುಪಾಸಿಗೆ ಕಾಯಿಸಿದರೆ ಹಿಡಿದದ್ದನ್ನೆಲ್ಲ ಬಿಟ್ಟುಕೊಡುತ್ತೆ. ತಣ್ಣಗೆ ಮಾಡಿ ಮತ್ತೆ ಮೇಲಕ್ಕೆ ಕಳಿಸೋದು. ಇದರಲ್ಲೂ ಎಂಇಎ, ಡಿಇಎ, ಎಂಡಿಇಎ ಅಂತ ಜಾತಿ ಬೇರೆ ಬೇರೆ. ಎಂಇಎ ಗಟ್ಟಿಯಾಗಿ ಹಿಡಿಯುತ್ತೆ, ಕಡಿಮೆ ಒತ್ತಡದಲ್ಲೂ ಸೈ. ಆದರೆ ಬಿಡಿಸಲು ಶಾಖ ಜಾಸ್ತಿ ಬೇಕು, ಪೈಪನ್ನೂ ತಿನ್ನುತ್ತೆ. ಅದಕ್ಕೇ ನೀರಿನಲ್ಲಿ 15–20 ಪರ್ಸೆಂಟ್ ಮಾತ್ರ ಬೆರೆಸುತ್ತಾರೆ. ಡಿಇಎ ನಡುವಿನದು. ಎಂಡಿಇಎಯನ್ನು 40–50 ಪರ್ಸೆಂಟ್‌ವರೆಗೆ ಬೆರೆಸಬಹುದು. ಅದು ಎಚ್‌ಟುಎಸ್ಸನ್ನು ಬೇಗ ಹಿಡಿದು ಕಾರ್ಬನ್ ಡೈಆಕ್ಸೈಡನ್ನು ನಿಧಾನಕ್ಕೆ ಹಿಡಿಯುತ್ತೆ, ಶಾಖವೂ ಕಡಿಮೆ ಸಾಕು. ಬಾವಿ ಗ್ಯಾಸಿಗೆ ನಾನು ಕಣ್ಣು ಮುಚ್ಚಿ ಎಂಡಿಇಎ ಅಂತೀನಿ. ನಮ್ಮ ಬಯೋಗ್ಯಾಸಿನಲ್ಲಿ ಕಾರ್ಬನ್ ಡೈಆಕ್ಸೈಡೇ 35–40 ಪರ್ಸೆಂಟ್ ಇರುತ್ತೆ, ಅದನ್ನೂ ತೆಗೆಯಲೇಬೇಕು. ಹಾಗಾಗಿ ಬರಿ ಎಂಡಿಇಎ ಸಾಲದು, ಪಿಪರಜೀನ್ ಅನ್ನೋ ಚುರುಕು ಕೊಡುವ ವಸ್ತು ಸೇರಿಸಬೇಕು.

ಅಮೈನ್‌ನ ದೊಡ್ಡ ರಗಳೆ ನೊರೆ. ಗ್ಯಾಸಿನ ಜೊತೆ ಎಣ್ಣೆಯಂಶ, ಸಣ್ಣ ಪುಡಿ ಬಂದರೆ ಕಾಲಮ್ ಒಳಗೆ ಅಮೈನ್ ಉಕ್ಕುತ್ತೆ. ಕೆಳಗಿನ ಲೆವೆಲ್ ಇದ್ದಕ್ಕಿದ್ದಂತೆ ಇಳಿಯುತ್ತೆ, ಒತ್ತಡದ ವ್ಯತ್ಯಾಸ ಏರುತ್ತೆ, ಅಮೈನ್ ಗ್ಯಾಸಿನ ಜೊತೆ ಮೇಲಿಂದ ಪರಾರಿ. ನಾವು ಶಿಫ್ಟಿನಲ್ಲಿ ಮಾಡುತ್ತಿದ್ದ ಪರೀಕ್ಷೆ ಭಾಳ ಸುಲಭದ್ದು: ಸ್ಯಾಂಪಲನ್ನು ಗಾಜಿನ ಬಾಟಲಿಗೆ ಹಾಕಿ ಜೋರಾಗಿ ಅಲ್ಲಾಡಿಸಿ, ನೊರೆ ಒಡೆಯಲು ಎಷ್ಟು ಹೊತ್ತು ಅಂತ ನೋಡೋದು. ತಟ್ಟನೆ ಒಡೆದರೆ ನಿಶ್ಚಿಂತೆ. ಬಿಯರಿನಂತೆ ನಿಂತರೆ ಕಾರ್ಬನ್ ಫಿಲ್ಟರ್ ಬದಲಾಯಿಸುವ ಕಾಲ ಬಂತು. ಅಲ್ಲಿಯತನಕ ಆ್ಯಂಟಿಫೋಮ್ ಹಾಕಿ ತಳ್ಳೋದು, ಅದೂ ಅಳತೆ ಮೀರದಂತೆ.

ಸಕ್ಕರೆ ಕಾರ್ಖಾನೆಯಲ್ಲಿ ಅಮೈನಿಗೆ ಒಂದು ಅನುಕೂಲ ಇದೆ: ಸ್ಟೀಮ್. ಹಂಗಾಮಿನಲ್ಲಿ ಟರ್ಬೈನಿನಿಂದ ಹೊರಬರುವ ಎಕ್ಸಾಸ್ಟ್ ಸ್ಟೀಮ್ ಒಂದೂವರೆ ಕೆ.ಜಿ. ಒತ್ತಡದಲ್ಲಿ ಸುಮಾರು 127 ಡಿಗ್ರಿ ಇರುತ್ತೆ. 120ಕ್ಕೆ ಕಾಯಿಸಲು 127ರ ಸ್ಟೀಮ್ ಅಂದರೆ ಅಂತರ ಕಡಿಮೆ, ಅಮೈನ್ ಕಾಯಿಸುವ ರೀಬಾಯ್ಲರ್ ದೊಡ್ಡದೇ ಬೇಕು. ಆದರೂ ನಡೆಯುತ್ತೆ. ಮೀಥೇನ್ ಸೋರಿಕೆಯೂ ತೀರಾ ಕಡಿಮೆ, ಸಾವಿರಕ್ಕೆ ಒಂದು ಪಾಲೂ ಹೋಗೋದಿಲ್ಲ. ನೀರಿನಲ್ಲಿ ತೊಳೆಯುವ ಪದ್ಧತಿಯಲ್ಲಿ ಅದರ ಎಷ್ಟೋ ಪಟ್ಟು ಹೋಗುತ್ತೆ. ಆದರೆ ಕಬ್ಬು ಮುಗಿದು ಮಿಲ್ ನಿಂತ ಮೇಲೆ ಏನು? ಗ್ಯಾಸ್ ಹುಟ್ಟುವ ಡೈಜೆಸ್ಟರ್ ಟ್ಯಾಂಕ್ ನಿಲ್ಲೋದಿಲ್ಲ, ಗ್ಯಾಸ್ ಬರುತ್ತಲೇ ಇರುತ್ತೆ. ಆಗ ಬಾಯ್ಲರ್ ಹಚ್ಚಬೇಕು, ಇಲ್ಲ ಅಂದರೆ ಮಾಡಿದ ಗ್ಯಾಸನ್ನೇ ಸುಟ್ಟು ಅಮೈನ್ ಕಾಯಿಸಬೇಕು.

ಅದಕ್ಕಿಂತ ದೊಡ್ಡ ಪ್ರಶ್ನೆ ಮೊದಲು ಕೇಳಿದ್ದೇ. ಅಮೈನ್ ಎಚ್‌ಟುಎಸ್ಸನ್ನು ಮುಗಿಸೋದಿಲ್ಲ, ಬೇರೆ ಮಾಡುತ್ತೆ ಅಷ್ಟೇ. ರಿಫೈನರಿಯಲ್ಲಿ ಪಕ್ಕದಲ್ಲೇ ಕ್ಲೌಸ್ ಯೂನಿಟ್ ಇರುತ್ತೆ. 1883ರಷ್ಟು ಹಳೆಯ ವಿದ್ಯೆ ಅದು. ಎಚ್‌ಟುಎಸ್‌ನ ಮೂರನೇ ಒಂದು ಪಾಲನ್ನು ಸುಟ್ಟು ಸಲ್ಫರ್ ಡೈಆಕ್ಸೈಡ್ ಮಾಡಿ, ಅದನ್ನು ಉಳಿದ ಎರಡು ಪಾಲಿನ ಜೊತೆ ಸೇರಿಸಿದರೆ ಹಳದಿ ಗಂಧಕ ಮತ್ತು ನೀರು ಸಿಗುತ್ತೆ. ನಮ್ಮಲ್ಲಿ ಅಮೈನ್ ಬಿಟ್ಟುಕೊಡುವ ಅನಿಲದಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ಕಾರ್ಬನ್ ಡೈಆಕ್ಸೈಡ್. ಅದರಲ್ಲಿ ಕ್ಲೌಸ್ ಕುಲುಮೆಯ ಜ್ವಾಲೆಯೇ ನಿಲ್ಲೋದಿಲ್ಲ. ದಿನಕ್ಕೆ ಇನ್ನೂರು ಮುನ್ನೂರು ಕೆ.ಜಿ. ಗಂಧಕಕ್ಕೆ ಅಷ್ಟು ದೊಡ್ಡ ಕುಲುಮೆ ಯಾರೂ ಕಟ್ಟೋದೂ ಇಲ್ಲ. ಹಾಗಾಗಿ ಕೆಲವರು ಸುಮ್ನೆ ಚಿಮಣಿಗೆ ಬಿಡುತ್ತಾರೆ. ಊರಿಗೆಲ್ಲ ಕೊಳೆತ ಮೊಟ್ಟೆ ವಾಸನೆ.

ಇಲ್ಲೊಂದು ತಮಾಷೆ ಇದೆ. ರಿಫೈನರಿಗಳು ಕಷ್ಟಪಟ್ಟು ತೆಗೆದ ಆ ಹಳದಿ ಗಂಧಕ ಮಾರುಕಟ್ಟೆಗೆ ಬರುತ್ತೆ. ಅದನ್ನು ಕೊಳ್ಳುವವರಲ್ಲಿ ಸಕ್ಕರೆ ಕಾರ್ಖಾನೆಗಳೂ ಇವೆ. ಕಬ್ಬಿನ ಹಾಲು ಬೆಳ್ಳಗಾಗಲಿ ಅಂತ ಗಂಧಕ ಸುಟ್ಟು ಆ ಹೊಗೆಯನ್ನು ರಸಕ್ಕೆ ಬಿಡುತ್ತೇವಲ್ವಾ? ಅದರ ಒಂದು ಪಾಲು ಪ್ರೆಸ್‌ಮಡ್ಡಿಗೆ, ಇನ್ನೊಂದು ಪಾಲು ಕಾಕಂಬಿಗೆ, ಕಾಕಂಬಿಯಿಂದ ಸ್ಪೆಂಟ್ ವಾಶಿಗೆ ಹೋಗುತ್ತೆ. ಡೈಜೆಸ್ಟರಿನ ಬ್ಯಾಕ್ಟೀರಿಯಾ ಅದನ್ನು ಮತ್ತೆ ಎಚ್‌ಟುಎಸ್ ಮಾಡಿ ನಮ್ಮ ಕೈಗೇ ಕೊಡುತ್ತವೆ. ಕರಾವಳಿಯಲ್ಲಿ ತೆಗೆದು ಕಳಿಸಿದ್ದನ್ನು ಘಟಪ್ರಭಾ ದಂಡೆಯಲ್ಲಿ ಕೂತು ಮತ್ತೆ ತೆಗೆಯುವ ಕೆಲಸ ನನ್ನದು!

ನೀರಿನಲ್ಲಿ ಗ್ಯಾಸ್ ತೊಳೆಯುವ ಸ್ಕ್ರಬ್ಬರ್ ಬಗ್ಗೆ ಜಾಸ್ತಿ ಬರೆಯೋದಿಲ್ಲ. ಚಳಿ ದೇಶಕ್ಕೆ ಚಂದ. ನೀರು 20 ಡಿಗ್ರಿಯಿಂದ 40ಕ್ಕೆ ಏರಿದರೆ ಅದರಲ್ಲಿ ಕರಗುವ ಕಾರ್ಬನ್ ಡೈಆಕ್ಸೈಡ್ ಅರ್ಧದ ಹತ್ತಿರಕ್ಕೆ ಇಳಿಯುತ್ತೆ. ಬಾಗಲಕೋಟೆಯ ಏಪ್ರಿಲ್‌ನಲ್ಲಿ ಟ್ಯಾಂಕಿನ ನೀರು ಎಷ್ಟು ಬಿಸಿ ಇರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಕಾಸ್ಟಿಕ್ ಸೋಡಾ ನೀರಿನಲ್ಲಿ ತೊಳೆಯೋದೂ ಅಷ್ಟೇ. ಎಚ್‌ಟುಎಸ್ಸಿಗೆ ಅಂತ ಹಾಕಿದ ಕಾಸ್ಟಿಕ್ಕನ್ನು ಕಾರ್ಬನ್ ಡೈಆಕ್ಸೈಡ್ ನುಂಗಿ ಹಾಕುತ್ತೆ. ಡೈಜೆಸ್ಟರಿನ ತಲೆಗೆ ಸ್ವಲ್ಪ ಗಾಳಿ ಬಿಡುವ ಉಪಾಯ ಅಗ್ಗದ್ದು, ಗ್ಯಾಸನ್ನು ಎಂಜಿನ್ನಿಗೆ ಕೊಡುವುದಾದರೆ ಸಾಕು. ಸಿಲಿಂಡರಿಗೆ ತುಂಬುವುದಾದರೆ ಬೇಡ. ಗಾಳಿಯ ನೈಟ್ರೋಜನ್ ಮೀಥೇನ್ ಜೊತೆ ಉಳಿದುಬಿಡುತ್ತೆ, ಅದನ್ನು ಬೇರೆ ಮಾಡೋದು ಎಚ್‌ಟುಎಸ್ ತೆಗೆಯೋದಕ್ಕಿಂತ ಕಷ್ಟ.

ಬ್ಯಾಕ್ಟೀರಿಯಾ ಸ್ಕ್ರಬ್ಬರನ್ನು ನಾನು ಮೊದಲು ನಂಬಿರಲಿಲ್ಲ. ರಿಫೈನರಿಯಿಂದ ಬಂದವನಿಗೆ ಹುಳ ಸಾಕುವ ಪ್ಲಾಂಟ್ ಅಂದರೆ ನಗು. ಇದು ನಡೆಯುವ ರೀತಿ ಹೀಗೆ: ಒಂದು ಟವರಿನಲ್ಲಿ ಸ್ವಲ್ಪ ಕ್ಷಾರದ ನೀರು, ಪಿಎಚ್ 8ರಿಂದ 9ರ ನಡುವೆ, ಎಚ್‌ಟುಎಸ್ಸನ್ನು ಹಿಡಿಯುತ್ತೆ. ಆ ನೀರು ಪಕ್ಕದ ಟ್ಯಾಂಕಿಗೆ ಹೋಗುತ್ತೆ. ಅಲ್ಲಿ ಗಾಳಿ ಊದುತ್ತಾರೆ, ಥಯೋಬ್ಯಾಸಿಲಸ್ ಬಳಗದ ಬ್ಯಾಕ್ಟೀರಿಯಾ ಅದನ್ನು ಗಂಧಕದ ಪುಡಿ ಮಾಡುತ್ತವೆ, ಕ್ಷಾರ ಮತ್ತೆ ಕೆಲಸಕ್ಕೆ ಸಿಗುತ್ತೆ. ಗಾಳಿ ಬೇರೆ ಟ್ಯಾಂಕಿಗೆ ಹೋಗುವುದರಿಂದ ಗ್ಯಾಸಿಗೆ ನೈಟ್ರೋಜನ್ ಸೇರೋದಿಲ್ಲ.

ಇದನ್ನು ನಡೆಸುವವನಿಗೆ ಕಣ್ಣು ಬೇಕು. ಟ್ಯಾಂಕಿನ ನೀರು ಹಳದಿ ಮಿಶ್ರಿತ ಬಿಳಿ ಇದ್ದರೆ ಎಲ್ಲ ಸರಿ. ಹಸಿರು ತಿರುಗಿದರೆ ಗಾಳಿ ಸಾಲುತ್ತಿಲ್ಲ. ಗಾಳಿ ಜಾಸ್ತಿ ಆದರೆ ಬಣ್ಣದಲ್ಲಿ ಗೊತ್ತಾಗೋದಿಲ್ಲ, ಸೋಡಾ ಖರ್ಚಿನಲ್ಲಿ ಗೊತ್ತಾಗುತ್ತೆ. ಗಂಧಕ ಆಗುವ ಬದಲು ಸಲ್ಫೇಟ್ ಆಗಿ ಪಿಎಚ್ ಬೀಳುತ್ತಿರುತ್ತೆ. ಕರೆಂಟ್ ಹೋಗಿ ಬ್ಲೋವರ್ ನಿಂತರೆ ಬ್ಯಾಕ್ಟೀರಿಯಾ ಉಸಿರುಗಟ್ಟುತ್ತವೆ, ಹಾಗಾಗಿ ಬ್ಲೋವರನ್ನು ಜನರೇಟರ್ ಲೈನಿಗೆ ಹಾಕಲೇಬೇಕು. ಹಂಗಾಮು ಮುಗಿದ ಮೇಲೂ ಸ್ವಲ್ಪ ಗ್ಯಾಸ್ ಕೊಡುತ್ತಾ ಅವನ್ನು ಜೀವಂತ ಇಡಬೇಕು. ಇಷ್ಟು ಮಾಡಿದರೆ 20,000 ಪಿಪಿಎಂ ಅನ್ನೋದು ಕೆಲವು ನೂರಕ್ಕೆ ಇಳಿಯುತ್ತೆ. ಅಮೈನ್‌ನಂತೆ ಒಂದೇ ಏಟಿಗೆ ಹದಿನಾಲ್ಕಕ್ಕೆ ಬರೋದಿಲ್ಲ, ನಿಜ.

ಆದರೆ ಕೈಗೆ ಸಿಗೋದು ಗಂಧಕದ ಕೆಸರು. ಅದನ್ನು ಹಿಂಡಿ ಒಣಗಿಸಿದರೆ ಹೊಲಕ್ಕೆ ಹೋಗುತ್ತೆ. ಕಾಲುವೆ ನೀರು ಕುಡಿದು ಕ್ಷಾರ ಕಟ್ಟಿದ ಕಪ್ಪು ಮಣ್ಣು ನಮ್ಮ ಕಡೆ ಎಷ್ಟು ಬೇಕಾದರೂ ಇದೆ. ಅಂಥ ಮಣ್ಣಿಗೆ ಗಂಧಕ ಒಳ್ಳೆಯದು. ಅಮೈನ್ ಆಗಲಿ ಗುಳಿಗೆ ಆಗಲಿ ಈ ದಾರಿ ಕೊಡೋದಿಲ್ಲ.

ಹಾಗಾಗಿ ಡಿಸ್ಟಿಲರಿ ಗ್ಯಾಸಿಗೆ ನಾನು ಹೇಳೋದು: ಮೊದಲು ಬ್ಯಾಕ್ಟೀರಿಯಾ, ಅದರ ಹಿಂದೆ ಕಬ್ಬಿಣದ ಗುಳಿಗೆ, ಕೊನೆಗೆ ಕಾರ್ಬನ್ ಡೈಆಕ್ಸೈಡಿಗೆ ಅಮೈನ್ ಅಥವಾ ಪಿಎಸ್ಎ (ಒತ್ತಡ ಏರಿಳಿಸಿ ಜರಡಿಯಂಥ ಹರಳುಗಳಲ್ಲಿ ಅನಿಲ ಬೇರೆ ಮಾಡುವ ಪದ್ಧತಿ). ಬ್ಯಾಕ್ಟೀರಿಯಾ 100 ಪಿಪಿಎಂಗೆ ಇಳಿಸಿ ಕೊಟ್ಟರೆ ಅದೇ 10,000 ಘನ ಮೀಟರಿಗೆ ದಿನಕ್ಕೆ ಏಳೆಂಟು ಕೆ.ಜಿ. ಗುಳಿಗೆ ಸಾಕು. 1,400 ಕೆ.ಜಿ. ಎಲ್ಲಿ, ಇದೆಲ್ಲಿ! ವರ್ಷಪೂರ್ತಿ ಸ್ಟೀಮ್ ಇರುವ ಕಡೆ ಅಮೈನ್ ಹಾಕಿ. ಇಲ್ಲದ ಕಡೆ ಪಿಎಸ್ಎ, ಆದರೆ ಅದರ ಜರಡಿಗೆ ಎಚ್‌ಟುಎಸ್ ತಾಗಿದರೆ ಜರಡಿ ಹಾಳು. ಪ್ರೆಸ್‌ಮಡ್ ಒಂದೇ ಇರುವ ಸಣ್ಣ ಪ್ಲಾಂಟಿನಲ್ಲಿ, ಎಚ್‌ಟುಎಸ್ ಸಾವಿರ ಪಿಪಿಎಂ ಆಸುಪಾಸು ಇದ್ದರೆ, ಗುಳಿಗೆಯ ಎರಡು ಪಾತ್ರೆ ಸಾಕಾಗಬಹುದು. ಹಳೇ ಗುಳಿಗೆ ವಾಪಸ್ ಒಯ್ಯುವ ಕರಾರು ಬರೆಸಿಕೊಂಡು ಕೊಳ್ಳಿ.

ಯಾವುದನ್ನೇ ಹಾಕಿ, ಮೂಗನ್ನು ನಂಬಬೇಡಿ. ಒಂದು ಪ್ಲಾಂಟಿನಲ್ಲಿ ಪಾತ್ರೆಯ ಹತ್ತಿರ ನಿಂತ ಹುಡುಗ, "ಸರ, ಈಗ ವಾಸನಿನ ಇಲ್ಲರಿ, ಎಲ್ಲಾ ಹೋತು ನೋಡ್ರಿ" ಅಂದ. ಅವನ ಜೇಬಿನ ಮೀಟರ್ ಕೂಗುತ್ತಿತ್ತು. 100 ಪಿಪಿಎಂ ಹೊತ್ತಿಗೆ ಮೂಗು ಸತ್ತುಹೋಗುತ್ತೆ, ಗ್ಯಾಸ್ ಅಲ್ಲೇ ಇರುತ್ತೆ. ಗಾಳಿಗಿಂತ ಭಾರ ಬೇರೆ, ಗುಂಡಿಯಲ್ಲಿ, ಚೇಂಬರಿನಲ್ಲಿ ಕೂತಿರುತ್ತೆ. ತೋಳು ಹಿಡಿದು ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಎಳೆದುಕೊಂಡು ಬಂದೆವು. ಹತ್ತು ಪಿಪಿಎಂಗೇ ಕೂಗುವ ಮೀಟರ್ ಪ್ರತಿಯೊಬ್ಬರ ಅಂಗಿಗೂ ಇರಬೇಕು. ಸ್ಕ್ರಬ್ಬರಿನ ಟೆಂಡರಿನಲ್ಲೇ ಅವನ್ನೂ ಸೇರಿಸಿಬಿಡಿ, ಬೇರೆ ಫೈಲ್ ಮಾಡಿದರೆ ಅದು ಮುಂದಿನ ಹಂಗಾಮಿಗೆ ಹೋಗುತ್ತೆ.